ಅಂಕಿತದ ಮುಂದಿನ ಉಸಿರು



ಈ ಸಲ ವಚನವೊಂದರ ನಿರ್ವಚನಕ್ಕೆ ಬದಲಾಗಿ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತಿದ್ದೇನೆ. ಅದನ್ನು ನನಗೆ ತೋರಿಸಿಕೊಟ್ಟದ್ದು ಬಂಗಾಳದ ಒಂದು ಪುಸ್ತಕ.

ಕಳೆದ ಆಷಾಢದಲ್ಲಿ ಮುತ್ತಿನಕೊಪ್ಪದ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ಏರ್ಪಟ್ಟಿತ್ತು. ಹೊರಗೆ ಮಲೆನಾಡಿನ ಬಿಡದ ಮಳೆ. ಮನೆಯ ಹಿರಿಯ ತಾಯಿಯವರು ಬಸವಣ್ಣನವರ ವಚನವೊಂದನ್ನು ಬಾಯಿಪಾಠವಾಗಿ ಹೇಳಿದರು. ಕೊನೆಯ ಮಾತನ್ನೂ ಅಂಕಿತವನ್ನೂ ಅವರು ಕೂಡಿಸಿಯೇ ಹೇಳಿದಾಗ ನಾನು ಸುಮ್ಮನಿರಲಿಲ್ಲ. "ಅಮ್ಮಾ, ಅಂಕಿತದ ಮುಂಚೆ ನಿಲ್ಲಿಸಬೇಕು, ಅದು ಬೇರೆ ಸಾಲು" ಎಂದೆ. "ನಮ್ಮತ್ತೆಯವರು ಹೀಗೇ ಹೇಳೋರಪ್ಪ" ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಆ ಸಂಜೆ ಮತ್ತೆ ವಚನ ಹೇಳಲಿಲ್ಲ.

ಕೆಲವು ದಿನಗಳ ತರುವಾಯ ರವೀಂದ್ರನಾಥ ಠಾಕೂರರ 'ಲಿಪಿಕಾ' ಕೈಗೆ ಬಂದಿತು. ಬಂಗಾಳಿ ಬಾರದ ನಾನು ಓದಿದ್ದು ಹಿಂದಿ ಅನುವಾದವನ್ನು. 1922ರಲ್ಲಿ ಪ್ರಕಟವಾದ ಪುಟ್ಟ ಗದ್ಯಕೃತಿಗಳ ಸಂಕಲನವಿದು. ಮೊದಲನೆಯದೇ ಕಾಲುದಾರಿಯನ್ನು ಕುರಿತದ್ದು. ಎಷ್ಟೋ ಜನ ನಡೆದುಹೋದ ಹೆಜ್ಜೆಗಳನ್ನು ಹೊತ್ತೂ ಏನನ್ನೂ ಹೇಳದ ದಾರಿ ಅದು. ತೋಟಗಳ ನಡುವಿನ ನಮ್ಮ ದಾರಿಗಳನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗಿಳಿಗೆ ಪಾಠ ಹೇಳಲು ಹೊರಟು ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕಿ ಕೊಲ್ಲುವ ಪಂಡಿತರ ಕಥೆಯೂ ಇದರಲ್ಲಿದೆ. ಅದನ್ನು ಓದುವಾಗ ನನಗೆ ಆ ತಾಯಿಯವರ ನೆನಪಾಯಿತೆಂದು ಬೇರೆ ಹೇಳಬೇಕೆ?

ಬಂಗಾಳಿಯ 'ಗೀತಾಂಜಲಿ' (1910) ಛಂದೋಬದ್ಧವಾದ ಹಾಡುಗಳ ಸಂಗ್ರಹ. 1912ರ ಇಂಗ್ಲಿಷ್ ಗೀತಾಂಜಲಿಯಾದರೋ ಗದ್ಯ. ಬಂಗಾಳಿ ಗದ್ಯಕ್ಕೂ ಕಾವ್ಯರಸ ಒದಗೀತೆ ಎಂಬ ಪ್ರಶ್ನೆ ಅಲ್ಲಿಂದ ಅವರನ್ನು ಕಾಡಿತು. ಮೊದಲು ಕವಿ ಸತ್ಯೇಂದ್ರನಾಥ ದತ್ತರನ್ನು ಪ್ರಯತ್ನಿಸಲು ಕೇಳಿಕೊಂಡರು. ಅವರು ಒಪ್ಪಿದರೂ ಕೈಹಾಕಲಿಲ್ಲ. ಕಡೆಗೆ ತಾವೇ 'ಲಿಪಿಕಾ'ದಲ್ಲಿ ಪ್ರಯೋಗಿಸಿದರು. ಆದರೆ ಮುದ್ರಿಸುವಾಗ ವಾಕ್ಯಗಳನ್ನು ಪದ್ಯದಂತೆ ತುಂಡರಿಸಲಿಲ್ಲ. ಅದಕ್ಕೆ ಬಹುಶಃ ಅಳುಕೇ ಕಾರಣವೆಂದು 1932ರ 'ಪುನಶ್ಚ'ದ ಪೀಠಿಕೆಯಲ್ಲಿ ಸ್ವತಃ ಒಪ್ಪಿಕೊಂಡಿದ್ದಾರೆ. ನೊಬೆಲ್ ಪುರಸ್ಕಾರ ಪಡೆದ ಕವಿಗೂ ಸಾಲು ಮುರಿಯಲು ಅಳುಕು!

'ಲಿಪಿಕಾ' ಬಂದ ಮರುವರ್ಷವೇ, 1923ರಲ್ಲಿ, ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಹೊರಬಂದಿತು. ಇವೆರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ವಚನವನ್ನು ಗದ್ಯಕವಿತೆಯೆಂದು ಕರೆದುಬಿಡುವ ಅವಸರವೂ ನನಗಿಲ್ಲ. ಠಾಕೂರರದು ಕವಿಯೊಬ್ಬನ ಬುದ್ಧಿಪೂರ್ವಕ ಪ್ರಯೋಗ, ಶರಣರದು ಎದುರಿಗಿರುವವನೊಡನೆ ಆಡಿದ ಮಾತು. ನನ್ನನ್ನು ತಟ್ಟಿದ ಸಂಗತಿ ಬೇರೆ. ನಮ್ಮ ತಾಳೆಗರಿಗಳಲ್ಲಿ ವಚನ ಒಂದೇ ಹರಿವಾಗಿ ಸಾಗುತ್ತದೆ. ಪದಪದಗಳ ನಡುವೆಯೂ ತೆರಪಿಲ್ಲ. ಗರಿಯ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ, ಅಷ್ಟೆ. ನಾವು ಇಂದು ಅಚ್ಚಿನಲ್ಲಿ ಕಾಣುವ ಸಾಲುಗಳು ಸಂಪಾದಕರು ಪಾಡುಪಟ್ಟು ಬಿಡಿಸಿದವು. ಆ ಉಪಕಾರ ದೊಡ್ಡದು. ಆದರೆ ಅವು ಬಸವಣ್ಣನವರು ಎಳೆದ ಗೆರೆಗಳಲ್ಲ. ಎಂ.ಎ. ತರಗತಿಯಲ್ಲಿ ಹಸ್ತಪ್ರತಿಶಾಸ್ತ್ರ ಓದಿದ ನನಗೆ ಇದು ತಿಳಿಯದ ವಿಷಯವೇನೂ ಆಗಿರಲಿಲ್ಲ. ತಿಳಿದಿದ್ದೂ ತಾಯಿಯೊಬ್ಬರ ಬಾಯಿ ಕಟ್ಟಿದೆ.

ಕಾರ್ತಿಕದಲ್ಲಿ ಮತ್ತೆ ಆ ಮನೆಗೆ ಹೋಗಿ ಕ್ಷಮೆ ಬೇಡಿದೆ. ಅದೇ ವಚನವನ್ನು ಹೇಳಬೇಕೆಂದು ಪ್ರಾರ್ಥಿಸಿದೆ. "ಅಷ್ಟಕ್ಕೆ ಯಾಕಪ್ಪ ಬೇಸರ" ಎಂದು ನಕ್ಕು, ಹಣೆಗೆ ವಿಭೂತಿ ತೀಡಿಕೊಂಡು ಹೇಳತೊಡಗಿದರು. ನಾನು ಸಾಲು ಮುರಿಯದೆ ಬರೆದುಕೊಳ್ಳುತ್ತ, ಅವರು ಉಸಿರು ತೆಗೆದುಕೊಂಡೆಡೆ ಮಾತ್ರ ಗೀಟೆಳೆದೆ. ನಡುವೆ ಎರಡೇ ಗೀಟುಗಳು ಬಿದ್ದವು. ಅಂಕಿತದ ಹಿಂದೆ ಒಂದೂ ಇಲ್ಲ. ಪುಸ್ತಕದಲ್ಲಿ ಕಡೆಯ ಸಾಲಾಗಿ ಒಂಟಿಯಾಗಿ ನಿಂತು ರುಜುವಿನಂತೆ ಕಾಣುವ ಕೂಡಲಸಂಗಮದೇವನ ಹೆಸರು ಅವರ ಬಾಯಲ್ಲಿ ಹಿಂದಿನ ಪ್ರಶ್ನೆಗೆ ಹತ್ತಿಕೊಂಡೇ ಬಂದಿತು, ಪಕ್ಕದ ಕೋಣೆಯಲ್ಲಿರುವವರನ್ನು ಕೂಗಿದ ಹಾಗೆ. ಕೂಗಿದ ಮೇಲೆ ಅವರು ತುಸು ಹೊತ್ತು ಸುಮ್ಮನಿದ್ದರು. ಮೂರನೆಯ ಗೀಟನ್ನು ನಾನು ಅಲ್ಲಿ ಎಳೆದೆ.