ಸೂಲಿಬೆಲೆಯ ದಾರಿಯಲ್ಲಿ ಒಂದು ಕೆಂಪು ದೀಪ

ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿರುವ ಸೂಲಿಬೆಲೆಗೆ ನಾವು ವರ್ಷಕ್ಕೆ ಎರಡು ಬಾರಿಯಾದರೂ ಹೋಗಿಬರುವುದುಂಟು. ನಮ್ಮ ಅಕ್ಕನನ್ನು ಕೊಟ್ಟಿರುವುದು ಅದೇ ಹೋಬಳಿಯ ಒಂದು ಹಳ್ಳಿಗೆ. ಮೊದಲು ಹೊಸಕೋಟೆಯ ದೊಡ್ಡ ಕೆರೆಯ ಗಾಳಿ ಮುಖಕ್ಕೆ ಬಡಿದೊಡನೆ ಊರು ಸಮೀಪಿಸಿತೆಂಬ ನೆಮ್ಮದಿ ಮೂಡುತ್ತಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣ ೨೦೦೮ರಲ್ಲಿ ತೆರೆದ ಮೇಲೆ ಈ ಭಾಗದ ರಸ್ತೆಗಳ ಸ್ವರೂಪವೇ ಬದಲಾಗಿದೆ. ರಾಗಿ ಹೊಲಗಳ ನಡುವೆ ನಿವೇಶನಗಳ ಕಲ್ಲುಗಳು ಎದ್ದಿವೆ. ಜಲ್ಲಿ ತುಂಬಿದ ಲಾರಿಗಳು ಹಗಲಿರುಳೂ ಓಡಾಡುತ್ತವೆ. ಆದರೂ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಹಿಪ್ಪುನೇರಳೆಯ ಹಸಿರು ಇನ್ನೂ ಉಳಿದಿದೆ. ಆಕಾಶ ತಿಳಿಯಾಗಿದ್ದರೆ ವಾಯವ್ಯಕ್ಕೆ ನಂದಿಬೆಟ್ಟ ಮಲಗಿದ ಬಸವನಂತೆ ತೋರುತ್ತದೆ. ಆ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹರಿಯುವುದು ಈ ತಾಲ್ಲೂಕಿನ ಮೂಲಕವೇ. ಬೇಸಿಗೆಯಲ್ಲಿ ಅದನ್ನು ನದಿಯೆಂದು ನಂಬಲು ಸ್ವಲ್ಪ ಭಕ್ತಿಯೇ ಬೇಕು.

ಕಳೆದ ಏಪ್ರಿಲ್ ತಿಂಗಳಿನಲ್ಲಿ ನಾವು ಹೋದಾಗ ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ಗೂಡು ಕಟ್ಟಿ ಮುಗಿದಿತ್ತು. ರೇಷ್ಮೆ ಸಾಕುವ ಮನೆಯ ಕಷ್ಟ ಪೇಟೆಯವರಿಗೆ ತಿಳಿಯುವುದು ಕಡಿಮೆ. ಸುಮಾರು ನಾಲ್ಕು ವಾರ ಹುಳುಮನೆಯೇ ಮನೆಯವರ ಲೋಕ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು, ಎದ್ದಾಗ ಹೊತ್ತು ತಪ್ಪದೆ ಹಾಕಬೇಕು, ಊಜಿ ನೊಣ ಒಳಹೊಗದಂತೆ ಪರದೆ ಕಾಯಬೇಕು. ಹುಳು ಹಣ್ಣಾದೊಡನೆ ಚಂದ್ರಿಕೆಗೆ ಬಿಟ್ಟು, ಐದಾರು ದಿನಗಳಲ್ಲಿ ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಬೇಕು. ತಡಮಾಡಿದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ಒಡೆದು ಹೊರಬರುತ್ತದೆ. ಎಳೆ ತುಂಡಾದ ಗೂಡನ್ನು ಬಿಚ್ಚಣಿಕೆಗೆ ಯಾರೂ ಕೊಳ್ಳರು. ಗೂಡಿನೊಳಗೆ ಇರುವುದು ಉಸಿರಾಡುವ ಜೀವ. ಒತ್ತಿ ತುಂಬಿದರೆ ಮೂಟೆಯೇ ಬಿಸಿಯೇರುತ್ತದೆ. ಆದ್ದರಿಂದಲೇ ತಂಪು ಹೊತ್ತಿನಲ್ಲಿ, ಸಡಿಲವಾಗಿ ತುಂಬಿ, ಅಲುಗದಂತೆ ಒಯ್ಯುವುದು ರೂಢಿ.

ಆ ಬಾರಿ ನೂರು ಮೊಟ್ಟೆಯ ಬೆಳೆ. ಅರವತ್ತು ಕಿಲೋ ಮೀರಿದ ಗೂಡು. ಬರುತ್ತೇನೆಂದಿದ್ದ ಸರಕಿನ ಆಟೋ ಬೆಳಗ್ಗೆ ಬರಲೇ ಇಲ್ಲ. ಕಾದು ಕಾದು ಎಂಟೂವರೆಯಾಯಿತು. ಹರಾಜಿಗೆ ವಿಜಯಪುರದ ಗೂಡಿನ ಮಾರುಕಟ್ಟೆಯನ್ನು ಸೇರಲೇಬೇಕಿತ್ತು. ಸೊಸೈಟಿಯ ಸಾಲದ ಕಂತಿಗೆ ಅದೇ ಹಣವೆಂದು ಅಕ್ಕ ಹಿಂದಿನ ರಾತ್ರಿ ಹೇಳಿದ್ದಳು. ಕೊನೆಗೆ ಮೂರು ಮೋಟಾರ್‌ಸೈಕಲ್‌ಗಳಿಗೆ ಎರಡೆರಡು ಮೂಟೆಗಳಂತೆ ಇಬ್ಬದಿಗೆ ಇಳಿಬಿಟ್ಟು ಕಟ್ಟಿದೆವು. ಮುಂದೆ ಅಕ್ಕನ ಮಗ ತನ್ನ ಹೊಸ ಗಾಡಿಯಲ್ಲಿ, ನಡುವೆ ಭಾವನವರು ತಮ್ಮ ಹಳೆಯ ಯೆಜ್ಡಿಯಲ್ಲಿ, ಹಿಂದೆ ನಾವು.

ಭಾವನವರ ಯೆಜ್ಡಿಯನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಸಾಗಲಾರೆವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರಿನಲ್ಲಿ ಹೊರಬರುತ್ತಿದ್ದ ಗಾಡಿಗಳು ಎಪ್ಪತ್ತರ ದಶಕದಲ್ಲಿ ಯೆಜ್ಡಿಗಳಾದವು. ನಮ್ಮ ನಾಡಿನಲ್ಲಿಯೇ ತಯಾರಾದ ಗಾಡಿಯೆಂಬ ಅಭಿಮಾನ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈಗಲೂ ಇದೆ. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಬದಲಿಸುವ ಕಡ್ಡಿಯೂ ಆಗಿರುವುದು ಅದರ ವೈಶಿಷ್ಟ್ಯ. ಹೊಸಬರು ಇದನ್ನು ಕಂಡು ತಬ್ಬಿಬ್ಬಾಗುತ್ತಾರೆ. ಭಾವನವರ ಗಾಡಿಯಲ್ಲಿ ಒಂದು ಕೆಂಪು ದೀಪವುಂಟು. ನಿಧಾನಕ್ಕೆ ಹೋದಾಗ ಅದು ಹೊತ್ತುತ್ತದೆ, ಆಕ್ಸಿಲರೇಟರ್ ತಿರುವಿದರೆ ಆರುತ್ತದೆ. ಮೂವತ್ತು ವರ್ಷಗಳಿಂದ ಹೀಗೆಯೇ ನಡೆದಿದೆ. ಈ ದೀಪವೇ ಅಂದು ನಮ್ಮೆಲ್ಲರನ್ನೂ ದಾರಿ ತಪ್ಪಿಸಿತೆಂದರೆ ಅತಿಶಯವಲ್ಲ.

ಊರು ದಾಟಿದ ಸ್ವಲ್ಪ ಹೊತ್ತಿಗೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅಡ್ಡವಾಯಿತು. ಹುಲ್ಲು ರಸ್ತೆಯ ಎರಡೂ ಅಂಚನ್ನು ಸವರುವಷ್ಟು ಅಗಲ. ಎದುರಿನಿಂದ ಲಾರಿಗಳ ಸಾಲು. ಅಕ್ಕನ ಮಗ ಹೇಗೋ ನುಸುಳಿಕೊಂಡು ಮುಂದೆ ಹೋದ. ಭಾವನವರೂ ನಾವೂ ನಡೆಯುವ ಮನುಷ್ಯನ ವೇಗದಲ್ಲಿ ಹಿಂಬಾಲಿಸಿದೆವು. ಮೊದಲನೆಯ ಗೇರು, ಅರ್ಧ ಕ್ಲಚ್ಚು, ಆಗಾಗ ಕಾಲು ನೆಲಕ್ಕೆ. ಒಂಬತ್ತು ಗಂಟೆಗೇ ಬಿಸಿಲು ಬೆನ್ನನ್ನು ಸುಡುತ್ತಿತ್ತು. ತೊಡೆಗೆ ಎಂಜಿನ್ನಿನ ಝಳ. ಆಗ ನಮ್ಮ ಗಾಡಿಯ ಫಲಕದಲ್ಲಿ ಕೆಂಪು ದೀಪವೊಂದು ಮಿಣುಕಿತು. ಆಕ್ಸಿಲರೇಟರ್ ತಿರುವಿದೆವು, ಆರಿತು. ಬಿಟ್ಟೆವು, ಮತ್ತೆ ಮಿಣುಕಿತು.

ಪಕ್ಕಕ್ಕೆ ಬಂದ ಭಾವನವರಿಗೆ ತೋರಿಸಿದೆವು. ಅವರು ಬಗ್ಗಿ ನೋಡಿ, "ಏನೂ ಆಗಲ್ಲ ಬಿಡಿ, ನಮ್ಮದೂ ಹಂಗೇ ಹತ್ತುತ್ತೆ. ಸ್ವಲ್ಪ ರೈಸ್ ಮಾಡಿ, ಆರೋಗುತ್ತೆ" ಎಂದರು. ಆರಿಯೂ ಹೋಯಿತು. ನಮಗೂ ಬೇಕಾಗಿದ್ದುದು ಆ ಮಾತೇ. ಗೂಡು ಹೊತ್ತು ಹೊರಟವನಿಗೆ ನಿಲ್ಲು ಎನ್ನುವ ಮಾತು ರುಚಿಸುವುದಿಲ್ಲ. ಹೀಗೆಯೇ ರೈಸ್ ಮಾಡುತ್ತ, ಆರಿಸುತ್ತ, ಎರಡು ಕಿಲೋಮೀಟರಿನಷ್ಟು ಸಾಗಿದೆವು. ಟ್ರ್ಯಾಕ್ಟರು ಪಕ್ಕದ ಹಳ್ಳಿಗೆ ತಿರುಗುವ ವೇಳೆಗೆ ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯತೊಡಗಿತ್ತು. ಎಂಜಿನ್ನಿನ ತಲೆಯ ಕಡೆಯಿಂದ ಟಕಟಕ ಎಂಬ ಒಣ ಸದ್ದು ಹೊರಟಿತು. ಗಾಬರಿಯಿಂದ ಒಂದು ಹೊಂಗೆ ಮರದಡಿಗೆ ನೂಕಿ ಎಂಜಿನ್ ನಿಲ್ಲಿಸಿದೆವು.

ಗಾಡಿಯ ಜೊತೆ ಕೊಟ್ಟಿದ್ದ ಪುಸ್ತಕ ಸೀಟಿನಡಿಯಲ್ಲಿ ಮಡಿಕೆಯೂ ಬಿಚ್ಚದೆ ಬಿದ್ದಿತ್ತು. ಅದನ್ನು ಮೊದಲ ಬಾರಿಗೆ ಓದಿದ್ದು ಆ ಮರದ ಕೆಳಗೆ. ಎಣ್ಣೆಗಿಂಡಿಯ ಚಿತ್ರವುಳ್ಳ ಕೆಂಪು ದೀಪ ಎಣ್ಣೆಯ ಒತ್ತಡದ್ದು. ಓಡುವಾಗ ಹೊತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸತಕ್ಕದ್ದು ಎಂದು ದಪ್ಪಕ್ಷರದಲ್ಲಿತ್ತು.

ಯೆಜ್ಡಿಯ ಕೆಂಪು ದೀಪ ಬೇರೆ, ಇದು ಬೇರೆ. ಯೆಜ್ಡಿಯದು ಡೈನಮೋದ ದೀಪ. ಎಂಜಿನ್ ನಿಧಾನಕ್ಕೆ ತಿರುಗುವಾಗ ಡೈನಮೋ ಹುಟ್ಟಿಸುವ ವಿದ್ಯುತ್ತು ಬ್ಯಾಟರಿಗೆ ಸಾಲದು. ಆ ಕೊರತೆಯನ್ನು ತಿಳಿಸಲು ದೀಪ ಹೊತ್ತುತ್ತದೆ. ವೇಗ ಹೆಚ್ಚಿಸಿದರೆ ವಿದ್ಯುತ್ತೂ ಹೆಚ್ಚಿ ಆರುತ್ತದೆ. ಅದರಿಂದ ಎಂಜಿನ್ನಿಗೆ ಅಪಾಯವಿಲ್ಲ. ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದರಿಂದ ಅದರ ಎಂಜಿನ್ನಿಗೆ ಎಣ್ಣೆಯ ಪಂಪೂ ಇಲ್ಲ, ಒತ್ತಡದ ದೀಪವೂ ಇಲ್ಲ. ನಮ್ಮದು ನಾಲ್ಕು ಸ್ಟ್ರೋಕಿನದು. ಎಂಜಿನ್ ತಿರುಗಿದಂತೆ ಪಂಪು ತಿರುಗಿ ಎಣ್ಣೆಯನ್ನು ಮೇಲಕ್ಕೆ ಒತ್ತುತ್ತದೆ. ನಿಧಾನ ಸವಾರಿಯಲ್ಲಿ ಪಂಪೂ ನಿಧಾನ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳಿಗೆ ಓಟವಿಲ್ಲದೆ ಗಾಳಿಯಿಲ್ಲ. ಅರ್ಧ ಕ್ಲಚ್ಚಿನ ಉಜ್ಜಾಟದ ಬಿಸಿಯೂ ಅದೇ ಎಣ್ಣೆಗೆ ಸೇರುತ್ತದೆ. ಕಾದ ಎಣ್ಣೆ ನೀರಾಗುತ್ತದೆ. ನೀರಾದ ಎಣ್ಣೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಎಣ್ಣೆಯ ಮಟ್ಟವೂ ಕಡಿಮೆಯಿದ್ದರೆ ಕೇಳುವುದೇ ಬೇಡ. ರೈಸ್ ಮಾಡಿದಾಗ ದೀಪ ಆರುವುದು ಒತ್ತಡ ಕ್ಷಣಕಾಲ ಏರಿದುದರಿಂದಲೇ ಹೊರತು ದೋಷ ನೀಗಿತೆಂದಲ್ಲ. ಎರಡು ದೀಪಗಳ ಬಣ್ಣ ಒಂದೇ, ನಡತೆಯೂ ಒಂದೇ, ಹೇಳುವ ಮಾತು ಮಾತ್ರ ಬೇರೆ ಬೇರೆ.

ಎಂಜಿನ್ನಿನ ಬದಿಯ ಗಾಜಿನ ಕಿಂಡಿಯಲ್ಲಿ ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಕಳೆದ ಸರ್ವಿಸನ್ನು ಆಮೇಲೆ ಮಾಡಿಸಿದರಾಯಿತೆಂದು ಮುಂದಕ್ಕೆ ಹಾಕಿದವರು ನಾವೇ.

ಅಕ್ಕನ ಮಗನಿಗೆ ಫೋನು ಮಾಡಿದೆವು. ಅವನು ತನ್ನ ಮೂಟೆಗಳನ್ನು ಮಾರುಕಟ್ಟೆಯಲ್ಲಿ ಊರಿನವರೊಬ್ಬರ ವಶಕ್ಕೆ ಕೊಟ್ಟು, ಎಣ್ಣೆಯ ಡಬ್ಬಿ ಕೊಂಡು ಹಿಂದಿರುಗುವುದೆಂದಾಯಿತು. ಭಾವನವರು ಯೆಜ್ಡಿಯ ಹೊಗೆ ಬಿಡುತ್ತ ಮುಂದೆ ನಡೆದರು. ನಾವು ಮೂಟೆಗಳ ಬಾಯಿ ಬಿಚ್ಚಿ, ಹೊದ್ದಿದ್ದ ಪಂಚೆಯನ್ನು ನೆರಳಿನಲ್ಲಿ ಹಾಸಿ ಗೂಡನ್ನು ಹರವಿದೆವು. ಸೈಲೆನ್ಸರಿನ ಕಡೆ ಇಳಿಬಿಟ್ಟಿದ್ದ ಮೂಟೆಯ ತಳ ಕೈಗೆ ಬಿಸಿಯಾಗಿಯೇ ಹತ್ತಿತು. ಕೆಲವು ಗೂಡುಗಳು ಜಜ್ಜಿ ಕಂದು ಕಲೆ ಬಿದ್ದಿದ್ದವು. ಅವನ್ನು ಆರಿಸಿ ಬೇರೆ ಮಾಡುತ್ತ ಕುಳಿತೆವು, ಬೇರೇನೂ ಮಾಡುವಂತಿರಲಿಲ್ಲ.

ಒಂದು ಗಂಟೆಯ ಮೇಲೆ ಬಂದ ಹುಡುಗ ಮೊದಲು ನೋಡಿದ್ದು ಗೂಡನ್ನು, ಆಮೇಲೆ ಗಾಡಿಯನ್ನು. "ಮಾವ, ಕೆಂಪು ಹತ್ತಿದ ಕೂಡ್ಲೇ ನಿಲ್ಲಿಸಬೇಕಿತ್ತು" ಎಂದನೇ ಹೊರತು ಹೆಚ್ಚಿಗೆ ಆಡಲಿಲ್ಲ. ನಮ್ಮ ಮೂಟೆಗಳನ್ನು ತನ್ನ ಗಾಡಿಗೆ ಕಟ್ಟುವಾಗ ಅದರ ವಿಚಾರವನ್ನೂ ಹೇಳಿದ. ಅವನದು ನೀರಿನಿಂದ ತಣಿಯುವ ಎಂಜಿನ್. ನಿಧಾನಕ್ಕೆ ಹೋದರೆ ರೇಡಿಯೇಟರಿನ ಹಿಂದಿನ ಫ್ಯಾನು ತಾನೇ ಸದ್ದುಮಾಡಿ ತಿರುಗುತ್ತದೆ. ಅದು ಕೆಟ್ಟ ಸದ್ದಲ್ಲ, ಒಳ್ಳೆಯ ಸದ್ದು. ಫ್ಯಾನು ತಿರುಗದೆ ಉಷ್ಣಮಾಪಕದ ಚಿತ್ರದ ದೀಪ ಹೊತ್ತಿದರೆ ಮಾತ್ರ ನೆರಳಿಗೆ ಹೋಗಿ ನಿಲ್ಲಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಿಂದಿನ ಬೇಸಿಗೆಯಲ್ಲಿ ಊರ ಮೆರವಣಿಗೆಯ ಹಿಂದೆ ಹೋಗುವಾಗ ಅವನ ದೀಪವೂ ಹೊತ್ತಿತಂತೆ. ರೇಡಿಯೇಟರಿನ ಜಾಲರಿಯ ತುಂಬ ಹೊಲದ ಮಣ್ಣು ಮೆತ್ತಿತ್ತು; ನೀರು ಹಾಯಿಸಿ ತೊಳೆದಮೇಲೆ ಸರಿಹೋಯಿತೆಂದ.

ಹಳದಿ ದೀಪವನ್ನು ಕುರಿತು ನಾವೇ ಕೇಳಿದೆವು. ೨೦೨೦ರ ಏಪ್ರಿಲ್ ಒಂದರಿಂದ ಹೊಸ ಹೊಗೆ ನಿಯಮ ಬಂದಮೇಲೆ ಮನೆಮನೆಯ ಗಾಡಿಯಲ್ಲೂ ಎಂಜಿನ್ನಿನ ಆಕಾರದ ಹಳದಿ ದೀಪ ಕಾಣಿಸುತ್ತಿದೆ. ಕೀಲಿ ತಿರುವಿದಾಗ ಅದು ಹೊತ್ತುವುದೂ, ಎಂಜಿನ್ ಚಾಲೂ ಆದೊಡನೆ ಆರುವುದೂ ಸಹಜ. ಓಡುವಾಗ ಹೊತ್ತಿಯೇ ಇದ್ದರೆ ಇಂಧನವನ್ನೋ ಹೊಗೆಯನ್ನೋ ಅಳೆಯುವ ಯಾವುದೋ ಸಾಧನ ತಪ್ಪು ಲೆಕ್ಕ ಕೊಡುತ್ತಿದೆಯೆಂದರ್ಥ. ಸದ್ದು, ಎಳೆತಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಮೆಲ್ಲಗೆ ಮೆಕ್ಯಾನಿಕ್ಕಿನವರೆಗೆ ಹೋಗಬಹುದು. ದೋಷದ ಸಂಖ್ಯೆ ಯಂತ್ರದ ನೆನಪಿನಲ್ಲಿ ಉಳಿದಿರುತ್ತದೆ. ಬಿಸಿಲಿನ ನಿಧಾನ ಸವಾರಿಯಲ್ಲಿ ಬ್ಯಾಟರಿ ಸೋತರೂ ಇದು ಹೊತ್ತುವುದುಂಟಂತೆ. ೨೦೧೭ರಿಂದ ಹೊಸ ಗಾಡಿಗಳ ಮುಂದಿನ ದೀಪ ಹಗಲಿನಲ್ಲೂ ಆರುವುದಿಲ್ಲ. ಅದರ ಮೇಲೆ ಫ್ಯಾನೂ ತಿರುಗಿದರೆ ಹಳೆಯ ಬ್ಯಾಟರಿ ತಾಳೀತೆ? ಎಬಿಎಸ್ ಎಂಬ ಅಕ್ಷರದ ದೀಪ ಮಾತ್ರ ಗಾಡಿ ಸ್ವಲ್ಪ ಉರುಳುವವರೆಗೆ ಆರದಿರುವುದೇ ಅದರ ಸ್ವಭಾವ. ಅದನ್ನು ಕಂಡು ಗಾಡಿ ಹೊರಡಿಸದೆ ನಿಂತವರನ್ನೂ ನಾವು ಬಲ್ಲೆವು.

ಎಂಜಿನ್ ತಣಿದ ಮೇಲೆ ಎಣ್ಣೆ ಹಾಕಿ, ಕಿಂಡಿಯಲ್ಲಿ ಮಟ್ಟ ನೋಡಿ, ಅಂಜುತ್ತಲೇ ಚಾಲೂ ಮಾಡಿದೆವು. ದೀಪ ಆರಿತು. ಟಕಟಕ ಸದ್ದು ಸ್ವಲ್ಪ ಹೊತ್ತು ಇದ್ದು ನಿಂತಿತು.

ವಿಜಯಪುರ ಮುಟ್ಟುವ ವೇಳೆಗೆ ಹರಾಜು ಮುಗಿಯುತ್ತ ಬಂದಿತ್ತು. ಮೊದಲು ತಲುಪಿದ ನಾಲ್ಕು ಮೂಟೆಗಳಿಗೆ ಸಿಕ್ಕ ಬೆಲೆ ನಾವು ತಂದವಕ್ಕೆ ಸಿಗಲಿಲ್ಲ. ಕೊಳ್ಳುವವರು ಮೂಟೆಯ ತಳಕ್ಕೆ ಕೈಹಾಕಿ, ಒಂದೆರಡು ಗೂಡು ತೆಗೆದು ಅಲುಗಾಡಿಸಿ, ಕಿಲೋಗೆ ನಲವತ್ತು ರೂಪಾಯಿ ಕಡಿಮೆ ಕೂಗಿದರು. ಇಪ್ಪತ್ತೆರಡು ಕಿಲೋಗೆ ಎಂಟುನೂರ ಎಂಬತ್ತು ರೂಪಾಯಿ. ಪೇಟೆಯ ಲೆಕ್ಕದಲ್ಲಿ ದೊಡ್ಡ ಮೊತ್ತವಲ್ಲ. ನಾಲ್ಕು ವಾರ ನಿದ್ದೆಗೆಟ್ಟು ಸೊಪ್ಪು ಹಾಕಿದ ಮನೆಯ ಲೆಕ್ಕವೇ ಬೇರೆ. ಭಾವನವರು, "ತಪ್ಪು ನನ್ನದು, ಏನಾಗಲ್ಲ ಅಂದೋನು ನಾನೇ ಅಲ್ವೆ" ಎಂದು ಬೀಡಿ ಹಚ್ಚಿದರು. ನಾವು ಒಪ್ಪಲಿಲ್ಲ. ಅವರಿಗೆ ತಮ್ಮ ಗಾಡಿಯ ದೀಪ ಗೊತ್ತಿತ್ತು. ನಮಗೆ ನಮ್ಮ ಗಾಡಿಯದು ಗೊತ್ತಿರಲಿಲ್ಲ.

ಸಂಜೆ ಹೊರಡುವಾಗ ಆ ಹಣವನ್ನು ಅಕ್ಕನ ಕೈಗೆ ಕೊಡಲು ಹೋದೆವು. "ತವರುಮನೆಯೋನು ದುಡ್ಡು ಎಣಿಸಿ ಕೊಡೋದು ಕಂತಿಗಲ್ಲ ಕಣೋ, ಹಬ್ಬಕ್ಕೆ. ಗೌರಿ ಹಬ್ಬಕ್ಕೆ ಸೀರೆ ತಗೊಂಡು ಬಾ" ಎಂದು ಹಿಂದಕ್ಕೆ ನೂಕಿದಳು. ದೇವನಹಳ್ಳಿಯ ಚಕ್ಕೋತ ಎರಡನ್ನು ಚೀಲಕ್ಕೆ ಹಾಕಿ ಗಾಡಿಗೆ ತೂಗುಹಾಕಿದಳು. ಅಷ್ಟರಲ್ಲಿ ಹುಡುಗ ಟಾರ್ಚು ಹಿಡಿದು ಬಗ್ಗಿ, ಗಾಡಿಯನ್ನು ನೆಟ್ಟಗೆ ಹಿಡಿಯುವಂತೆ ನಮಗೆ ಹೇಳಿ, ಕಿಂಡಿಯಲ್ಲಿ ಎಣ್ಣೆಯ ಗೆರೆಯನ್ನು ಇನ್ನೊಮ್ಮೆ ನೋಡುತ್ತಿದ್ದನು.