ಕಾಯಕವೂ ಬಾಳಿನ ಬೆಲೆಯೂ

ಮಲಪ್ರಭೆಯ ದಂಡೆಯ ಮೇಲಿನ ಮನೋಳಿಯಲ್ಲಿ ಒಬ್ಬ ವೃದ್ಧ ಬಡಿಗನಿದ್ದನು. ಕೂರಿಗೆ, ಕುಂಟೆ, ನೇಗಿಲು, ಬಂಡಿಯ ಗಾಲಿ ಇವೇ ಅವನ ಕೈಗೆಲಸಗಳು. ಅವನ ತಂದೆಯ ಕಾಲದಲ್ಲಿ ಆಯದ ಪದ್ಧತಿಯಿತ್ತು. ಒಕ್ಕಲಿಗನು ವರ್ಷವಿಡೀ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಕಣದಿಂದಲೇ ಜೋಳವನ್ನು ಅಳೆದುಕೊಡುತ್ತಿದ್ದನು. ಮುಂದೆ ಟ್ರ್ಯಾಕ್ಟರು ಬಂದಿತು, ಕಬ್ಬಿಣದ ಕೂರಿಗೆ ಬಂದಿತು, ಆಯವು ನಿಂತುಹೋಯಿತು. ಮಕ್ಕಳು ಪಟ್ಟಣದಲ್ಲಿ ದುಡಿಯಹತ್ತಿದರು. “ಅಪ್ಪಾ, ದುಡದದ್ದು ಸಾಕು, ಇನ್ನ ಸುಮ್ಮನ ಕೂಡು” ಎಂದು ಪ್ರೀತಿಯಿಂದಲೇ ಹೇಳಿ, ಬಾಚಿ, ಉಳಿ, ಕೊಡತಿಗಳನ್ನು ಅಟ್ಟಕ್ಕೇರಿಸಿದರು. ಉಣ್ಣಲು ಕೊರತೆಯಿರಲಿಲ್ಲ, ದೇಹದಲ್ಲಿ ಬೇನೆಯಿರಲಿಲ್ಲ; ಆದರೂ ಅಜ್ಜನು ಒಂದೇ ವರ್ಷದಲ್ಲಿ ಬಾಡಿಹೋದನು.

ಅವನು ಕಳೆದುಕೊಂಡುದೇನು? ಜಪಾನೀಯರ ಭಾಷೆಯಲ್ಲಿ ಅದಕ್ಕೊಂದು ಶಬ್ದವುಂಟು: ಇಕಿಗಾಯ್. ‘ಇಕಿ’ ಎಂದರೆ ಬಾಳು. ‘ಗಾಯ್’ ಎಂದರೆ ಬೆಲೆ, ಸಾರ್ಥಕತೆ. ಬೆಳಗಾಗೆದ್ದು ಇಂದಿನ ದಿನವನ್ನು ಬಾಳಬೇಕೆಂಬ ಹಂಬಲವನ್ನು ಯಾವುದು ಕೊಡುವುದೋ ಅದೇ ಇಕಿಗಾಯ್. ಈಚೆಗೆ ಈ ಶಬ್ದದ ಹೆಸರಿನಲ್ಲಿ ನಾಲ್ಕು ವರ್ತುಲಗಳ ಚಿತ್ರವೊಂದು ಎಲ್ಲೆಡೆ ಪ್ರಚಾರದಲ್ಲಿದೆ. ಪ್ರಿಯವಾದುದು, ಬಲ್ಲುದು, ಲೋಕಕ್ಕೆ ಬೇಕಾದುದು, ಹಣ ತರುವುದು, ಈ ನಾಲ್ಕೂ ಕೂಡಿದ ಸ್ಥಳವೇ ಇಕಿಗಾಯ್ ಎಂದು ಅದು ಸಾರುತ್ತದೆ. ಆದರೆ ಆ ಚಿತ್ರವು ಜಪಾನಿನದಲ್ಲ. ಪಾಶ್ಚಾತ್ಯರು ಬೇರೊಂದು ಚಿತ್ರಕ್ಕೆ 2014ರಲ್ಲಿ ಈ ಹೆಸರನ್ನಿಟ್ಟರು. ಜಪಾನಿನ ಸಾಮಾನ್ಯ ಜನರಿಗೆ ಮೊಮ್ಮಗುವಿನ ಆರೈಕೆಯೂ ಅಂಗಳದ ಹೂಗಿಡವೂ ಇಕಿಗಾಯ್ ಆಗಬಲ್ಲವು. ಅಲ್ಲಿ ಹಣದ ನಿರ್ಬಂಧವಿಲ್ಲ.

ಈ ವಿಷಯವನ್ನು ಆಳವಾಗಿ ವಿಚಾರಿಸಿದವರು ಮಿಯೆಕೊ ಕಾಮಿಯಾ ಎಂಬ ಮನೋವೈದ್ಯೆ. ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಶ್ರಮದಲ್ಲಿ ಸೇವೆ ಮಾಡಿದ ಅವರು 1966ರಲ್ಲಿ ಇಕಿಗಾಯ್ ಕುರಿತು ಗ್ರಂಥವನ್ನು ಪ್ರಕಟಿಸಿದರು. ಒಂದೇ ರೋಗ, ಒಂದೇ ಆಶ್ರಮ. ಆದರೂ ಕೆಲವರಿಗೆ ಬಾಳು ಬರಿದಾಗಿ ತೋರಿದರೆ ಮತ್ತೆ ಕೆಲವರಿಗೆ ಅದು ತುಂಬಿ ತೋರುತ್ತಿತ್ತು. ‘ನಾನು ಮಾಡಬೇಕಾದುದೊಂದುಂಟು’ ಎಂಬ ಅರಿವುಳ್ಳವರೇ ಬಾಳಿನ ಬೆಲೆಯನ್ನು ಹೆಚ್ಚಾಗಿ ಅನುಭವಿಸುವರೆಂದು ಅವರು ಕಂಡುಕೊಂಡರು.

ಇಷ್ಟನ್ನು ಕೇಳಿದ ಕನ್ನಡಿಗನಿಗೆ ತನ್ನ ಮನೆಯ ಮಾತೊಂದು ನೆನಪಾಗದಿರದು. ಮನೋಳಿಯನ್ನು ತೊಳೆದು ಹರಿಯುವ ಮಲಪ್ರಭೆಯೇ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕ್ಷೇತ್ರದಲ್ಲಿ ಬೆಳೆದ ಬಸವಣ್ಣನವರೂ 12ನೆಯ ಶತಮಾನದ ಇತರ ಶರಣರೂ ದುಡಿಮೆಗೆ ‘ಕಾಯಕ’ವೆಂಬ ಹೆಸರನ್ನಿತ್ತು ಅದನ್ನು ಪೂಜೆಯ ಪದವಿಗೇರಿಸಿದರು. ನುಲಿಯ ಚಂದಯ್ಯನು ಹುಲ್ಲಿನಿಂದ ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದನು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಪತ್ನಿ ಲಕ್ಕಮ್ಮನು ಅದು ತಮಗೆ ಸಲ್ಲದೆಂದು ಹಿಂದಕ್ಕೆ ಕಳಿಸಿದ ಕಥೆಯು ನಮ್ಮ ಮನೆಮನೆಗೂ ಪರಿಚಿತವಾದುದೇ ಸರಿ.

ಎರಡು ವಿಚಾರಗಳೂ ಅಕ್ಕತಂಗಿಯರಂತಿದ್ದರೂ ಒಂದು ಭೇದವುಂಟು. ಇಕಿಗಾಯ್ ‘ನನ್ನ ಬಾಳಿಗೆ ಬೆಲೆ ಎಲ್ಲಿಂದ?’ ಎಂದು ಕೇಳುತ್ತದೆ. ಕಾಯಕವು ಅಷ್ಟಕ್ಕೇ ನಿಲ್ಲದೆ, ‘ನಿನ್ನ ದುಡಿಮೆ ಶುದ್ಧವೇ? ಅದರ ಫಲ ಯಾರಿಗೆ ಮುಟ್ಟಿತು?’ ಎಂದೂ ಕೇಳುತ್ತದೆ. ಮಾರಯ್ಯನ ಕೆಲಸದಲ್ಲಿ ಕೀರ್ತಿಯೆಲ್ಲಿತ್ತು, ಸಂಪತ್ತೆಲ್ಲಿತ್ತು? ಉಣ್ಣಲು ಬರುವವರಿದ್ದರು, ಅವರಿಗಾಗಿ ಅಕ್ಕಿಯನ್ನು ಆಯಬೇಕಾಗಿತ್ತು. ಮತ್ತೊಬ್ಬರು ನಮ್ಮ ಕೈಯನ್ನು ಕಾದಿದ್ದಾರೆಂಬುದರಲ್ಲಿಯೇ ಕೆಲಸದ ಅರ್ಥವು ಅಡಗಿದೆ.

ಮನೋಳಿಯ ಅಜ್ಜನ ಮಾತಿನಿಂದಲೂ ಇದೇ ಸಿದ್ಧವಾಗುತ್ತದೆ. ಒಂದು ಮಳೆಗಾಲದಲ್ಲಿ ನೆರೆಯ ಒಕ್ಕಲಿಗನೊಬ್ಬನು ಮುರಿದ ಎಡೆಕುಂಟೆಯನ್ನು ಹೊತ್ತು ಬಾಗಿಲಿಗೆ ಬಂದನು. ಪೈರು ಎದ್ದ ಮೇಲೆ ಸಾಲುಗಳ ನಡುವೆ ಕಳೆ ತೆಗೆಯಲು ಎತ್ತುಗಳೇ ಬೇಕು. ಹಸಿಯಾದ ಎರೆಹೊಲದಲ್ಲಿ ಟ್ರ್ಯಾಕ್ಟರಿನ ಆಟ ನಡೆಯದು.

“ಅಜ್ಜಾರ, ನಾಳೆ ಎಡಿ ಹೊಡೀಬೇಕ್ರಿ. ನೀವs ದಾರಿ ತೋರಸ್ಬೇಕು.”

“ಇಟ್ಟು ಹೋಗೋ ತಮ್ಮಾ. ಹೊತ್ತು ಮುಣಗೂದರಾಗ ಬಾ.”

ಬಾಚಿಯು ಅಟ್ಟದಿಂದಿಳಿಯಿತು. ಅಜ್ಜನು ಜಾಲಿಯ ತುಂಡನ್ನು ಕೆತ್ತಿ ದಿಂಡನ್ನು ಕೂಡಿಸಿದನು. ಕೊಟ್ಟ ಹಣದಲ್ಲಿ ಅರ್ಧವನ್ನು, “ಇಷ್ಟs ಆಗ್ತೈತಿ” ಎಂದು ಮರಳಿಸಿದನು. ಆ ರಾತ್ರಿ ಅವನು ಬಹುದಿನಗಳ ಮೇಲೆ ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡನೆಂದು ಸೊಸೆಯು ಹೇಳುತ್ತಾಳೆ.

ಆದರೆ ಇಲ್ಲಿ ಒಂದೆಚ್ಚರಿಕೆ ಅವಶ್ಯ. ಜಪಾನಿನ ಓಸಾಕಿ ಪ್ರಾಂತದಲ್ಲಿ 43,391 ಜನರನ್ನು ಏಳು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಇಕಿಗಾಯ್ ಇಲ್ಲವೆಂದವರಲ್ಲಿ ಮರಣವು ಹೆಚ್ಚಾಗಿ ಕಂಡಿತು. ಅಂಥವರಲ್ಲಿ ಉದ್ಯೋಗವಿಲ್ಲದವರೂ ಆರೋಗ್ಯ ಕೆಟ್ಟವರೂ ಹೆಚ್ಚಾಗಿದ್ದರೆಂಬುದನ್ನೂ ಮರೆಯಲಾಗದು. ಕೆಲಸವನ್ನು ಕಾಲವೇ ಕಸಿದುಕೊಂಡವನಿಗೆ ‘ಬಾಳಿನ ಅರ್ಥವನ್ನು ನೀನೇ ಹುಡುಕಿಕೊ’ ಎಂದು ಉಪದೇಶಿಸುವುದು ಹಸಿದವನಿಗೆ ಪಾಕಶಾಸ್ತ್ರವನ್ನೋದಿದಂತೆ. ಅರ್ಥವು ಒಬ್ಬನೇ ಕುಳಿತು ಪಡೆಯುವ ವಸ್ತುವಲ್ಲ. ಬಾಗಿಲಿಗೆ ಬಂದು ಕರೆಯುವವನೊಬ್ಬನು ಬೇಕು.

ಆದುದರಿಂದ ಮನೆಯ ಹಿರಿಯರಿಗೆ ವಿಶ್ರಾಂತಿಯನ್ನು ಕೊಡುವ ಮಕ್ಕಳು ಕೊಡಲಿ; ಅದು ಅವರ ಧರ್ಮ. ಆದರೆ ಬಾಚಿಯನ್ನು ಮಾತ್ರ ಅಟ್ಟಕ್ಕೇರಿಸದಿರಲಿ. ಅದು ಅಜ್ಜನ ಕೈಗೆಟಕುವಲ್ಲಿಯೇ ಇರಲಿ.