ನೀಲಿ ಹಾಯಿಗಳ ಕಡಲತೀರ

ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿರುವ ಕ್ಯಾನನ್ ಬೀಚ್ ಪ್ರವಾಸಿಗರ ಅಚ್ಚುಮೆಚ್ಚಿನ ತಾಣ. ನೀರಿನಂಚಿನಲ್ಲಿ ಹುಲ್ಲಿನ ಬಣವೆಯಂತೆ ಎದ್ದು ನಿಂತ 235 ಅಡಿ ಎತ್ತರದ ಬಂಡೆ, ಸುತ್ತ ಹಬ್ಬಿದ ವಿಶಾಲ ಮರಳು. ಆದರೆ ಕೆಲವು ವರ್ಷ, ವಸಂತದ ದಿನಗಳಲ್ಲಿ ಆ ಮರಳಿನ ಬಣ್ಣವೇ ಬದಲಾಗುತ್ತದೆ. ಅಲೆ ಮುಟ್ಟಿದ ಗೆರೆಯುದ್ದಕ್ಕೂ ನೀಲಿ ಜಮಖಾನ ಹಾಸಿದಂತೆ ಲೆಕ್ಕವಿಲ್ಲದಷ್ಟು ಪುಟ್ಟ ಜೀವಿಗಳು ಬಿದ್ದಿರುತ್ತವೆ!

ಇವುಗಳ ಹೆಸರು ವೆಲೆಲ್ಲಾ, ಲೋಳೆಮೀನುಗಳ ಬಂಧು. ಬೆರಳುದ್ದದ ನೀಲಿ ತಟ್ಟೆ, ಅದರ ಮೇಲೆ ಓರೆಯಾಗಿ ನಿಂತ ಗಾಜಿನಂಥ ಹಾಯಿ. ಒಂದೇ ಪ್ರಾಣಿಯಂತೆ ಕಂಡರೂ ಇದೊಂದು ಅವಿಭಕ್ತ ಕುಟುಂಬ. ತಟ್ಟೆಯ ಅಡಿಯಲ್ಲಿರುವ ಸದಸ್ಯರಲ್ಲಿ ಕೆಲವರಿಗೆ ಊಟದ ಹೊಣೆ, ಕೆಲವರಿಗೆ ಸಂತಾನದ ಹೊಣೆ, ಅಂಚಿನವರಿಗೆ ಕಾವಲು. ಗಾಳಿಗೆ ಎದುರಾಗಿ ಈಜುವ ಶಕ್ತಿ ಇವಕ್ಕಿಲ್ಲ. ಕೆಲವುಗಳ ಹಾಯಿ ಎಡಕ್ಕೆ ಓರೆ, ಕೆಲವುಗಳದು ಬಲಕ್ಕೆ. ಆದ್ದರಿಂದ ಒಂದೇ ಗಾಳಿ ಇವನ್ನು ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತದೆ. ಆದರೆ ಗಾಳಿ ಬಲವಾಗಿ ದಡದತ್ತ ಬೀಸಿತೆಂದರೆ ಮರಳಿನ ಮೇಲೆಯೇ ಕೊನೆ. ಕೆಲವೇ ದಿನಗಳ ಬಿಸಿಲಿಗೆ ನೀಲಿ ಮಾಸಿ, ಜಿಲೇಟಿನ್ ಕಾಗದದಂಥ ಸಿಪ್ಪೆ ಮಾತ್ರ ಉಳಿಯುತ್ತದೆ. ಜೊತೆಗೆ ಮೂಗು ಮುಚ್ಚಿಸುವ ನಾತ!

ಈ ರಾಶಿಗಳಿಂದ ವಿಜ್ಞಾನಕ್ಕೆ ಸುದ್ದಿ ಸಿಕ್ಕಿದ್ದು ಸಾಮಾನ್ಯ ಜನರಿಂದ. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ತರಬೇತಿ ಪಡೆದ ಸ್ವಯಂಸೇವಕರು ಸತ್ತ ಕಡಲಹಕ್ಕಿಗಳನ್ನು ಎಣಿಸಲು ತಿಂಗಳು ತಿಂಗಳೂ ಈ ತೀರಗಳಲ್ಲಿ ನಡೆಯುತ್ತಾರೆ. ದಾರಿಯಲ್ಲಿ ಕಂಡ ವೆಲೆಲ್ಲಾಗಳನ್ನೂ ಅವರು ಬರೆದಿಟ್ಟರು. 20 ವರ್ಷಗಳ ಆ ಟಿಪ್ಪಣಿಗಳನ್ನು ಜೋಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇಷ್ಟು: ಚಳಿಗಾಲದಲ್ಲಿ ಕಡಲು ಬೆಚ್ಚಗಿದ್ದರೆ, ಮುಂದಿನ ವಸಂತದಲ್ಲಿ ದಡಕ್ಕೆ ಬೀಳುವ ರಾಶಿಗಳು ಹೆಚ್ಚು. ಶಾಂತಸಾಗರ ಅತಿಯಾಗಿ ಕಾದ ಕಾಲಕ್ಕೆ ಹೊಂದಿಕೊಂಡ 2015ರಿಂದ 2019ರ ಅವಧಿಯಲ್ಲೇ ಅತಿ ದೊಡ್ಡ ರಾಶಿಗಳು ಕಂಡಿದ್ದವು.

ನಮ್ಮ ಅರಬ್ಬೀ ಕಡಲಿಗೂ ಇಂಥ ತೇಲುಜೀವಿಗಳು ಹೊಸಬರಲ್ಲ. ಆದರೆ ಎಲ್ಲವೂ ವೆಲೆಲ್ಲಾದಷ್ಟು ಸಾಧುವಲ್ಲ. ಮಳೆಗಾಲದಲ್ಲಿ ಮುಂಬಯಿ, ಗೋವಾ ತೀರಗಳಿಗೆ ಬರುವ, ನೀಲಿ ಬಲೂನಿನಂಥ ಫೈಸೇಲಿಯಾ ಸತ್ತ ಮೇಲೂ ಕುಟುಕಬಲ್ಲದು. 2018ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಅನೇಕರು ಈ ಉರಿ ಅನುಭವಿಸಿದರು. ಪೋಷಕರು ಮಕ್ಕಳಿಗೆ ಹೇಳಬೇಕಾದ ಮಾತು ಒಂದೇ: ಕಣ್ಣಿಂದ ನೋಡಿ, ಕೈಯಿಂದ ಮುಟ್ಟಬೇಡಿ.

ವಿದ್ಯಾರ್ಥಿಗಳೇ, ಮುಂದಿನ ಸಲ ಕಾರವಾರಕ್ಕೋ ಮಲ್ಪೆಗೋ ಹೋದಾಗ ಜೇಬಿನಲ್ಲೊಂದು ಪುಟ್ಟ ಪುಸ್ತಕವಿರಲಿ. ದಡದಲ್ಲಿ ಕಂಡದ್ದೇನು, ಎಷ್ಟು, ಯಾವ ದಿನ, ಗಾಳಿ ಯಾವ ಕಡೆಯಿಂದ ಎಂದು ಬರೆದಿಡಿ. ಒಂದು ದಿನದ ಟಿಪ್ಪಣಿ ಬರೀ ನೆನಪು. ಇಪ್ಪತ್ತು ವರ್ಷದ ಟಿಪ್ಪಣಿ ಕಡಲಿನ ಆರೋಗ್ಯದ ದಾಖಲೆ.